ಯಾರು ಯಾರಿಗೆ ಹಾಡುತ್ತಿದ್ದಾರೆ?

ಹಾಡು ಕೇಳುವಾಗ ನನ್ನನ್ನು ಕಾಡುವ ಒಂದು ಸಣ್ಣ ಕಿರಿಕಿರಿ ಇದೆ. ಪಲ್ಲವಿಯಲ್ಲಿ ‘ನೀನು’ ಆಗಿದ್ದವಳು ಚರಣಕ್ಕೆ ಬರುವಷ್ಟರಲ್ಲಿ ‘ಅವಳು’ ಆಗಿರುತ್ತಾಳೆ. ಎರಡು ಸಾಲು ಕಳೆಯುವುದರೊಳಗೆ ಮತ್ತೆ ‘ನೀನು’. ಅವಳು ಎದುರಿಗೇ ಇದ್ದಾಳೋ, ಊರಲ್ಲೇ ಇಲ್ಲವೋ, ನಡುವೆ ಎದ್ದುಹೋಗಿ ಕಾಫಿ ಕುಡಿದು ಬಂದಳೋ ಒಂದೂ ತಿಳಿಯುವುದಿಲ್ಲ. ಹಾಡುವವನಾದರೂ ಒಂದು ಕಡೆ ನಿಂತಿದ್ದಾನೆಯೇ ಎಂದರೆ ಅದೂ ಇಲ್ಲ. ‘ನಾನು’ ಎಂದು ಶುರುಮಾಡಿ, ‘ಈ ಪ್ರೇಮಿ’, ‘ಈ ಬಡಪಾಯಿ’ ಎಂದು ತನ್ನನ್ನೇ ಪಕ್ಕದ ಮನೆಯವನ ಹಾಗೆ ಪರಿಚಯಿಸಿಕೊಂಡು, ಕೊನೆಗೆ ‘ನಾವು’ ಎಂದು ಇಡೀ ಊರನ್ನೇ ಸೇರಿಸಿಕೊಂಡು ಮುಗಿಸುತ್ತಾನೆ. ರೇಡಿಯೊ ಕಾಲದ ಕೇಳುಗರಲ್ಲಿ ಈ ತಕರಾರು ಹುಟ್ಟಿದ್ದು ತಡವಾಗಿ. ಆಗ ಹಾಡು ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋಗುತ್ತಿತ್ತು; ಮುಂದಿನ ಸಲ ಯಾವಾಗ ಬರುತ್ತದೋ ಆಕಾಶವಾಣಿಗೇ ಗೊತ್ತು. ಅರ್ಧ ಮಾತು ಕಿವಿಗೆ ಬಿದ್ದರೆ ಇನ್ನರ್ಧವನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. ಕ್ಯಾಸೆಟ್ಟು ಬಂದು, ಹಿಂದಕ್ಕೆ ಸುತ್ತಿ ಅದೇ ಸಾಲನ್ನು ಮತ್ತೆ ಕೇಳುವ ಸವಲತ್ತು ಸಿಕ್ಕಮೇಲೆ ದನಿಯ ಜೊತೆಗೆ ಮಾತಿನ ಮೇಲೂ ಗಮನ ಹರಿಯಿತು. ಗಮನ ಹರಿದ ಮೇಲೆ ನೆಮ್ಮದಿ ಹೋಯಿತು.

ಇದು ವ್ಯಾಕರಣದ ಮೇಷ್ಟರ ಜಗಳ ಎಂದು ಯಾರಾದರೂ ನಕ್ಕರೆ ಬೇಸರವಿಲ್ಲ. ಆದರೆ ನನ್ನ ದೂರು ವ್ಯಾಕರಣದ್ದಲ್ಲ. ಒಂದು ಹಾಡಿನೊಳಗೆ ಸರ್ವನಾಮ ಮಾಡುವ ಕೆಲಸವೆಂದರೆ ಕೇಳುವವನಿಗೆ ಒಂದು ಜಾಗ ಕೊಡುವುದು. ‘ನಾನು’ ಎಂದು ಹಾಡಿದರೆ ನಾನು ಹಾಡುವವನ ಎದೆಯೊಳಗೆ ಕೂರುತ್ತೇನೆ. ‘ನೀನು’ ಎಂದರೆ ಒಂದೋ ಆ ಮಾತು ನನಗೇ ಬಂತು ಎಂದುಕೊಳ್ಳುತ್ತೇನೆ, ಇಲ್ಲವೇ ಇಬ್ಬರ ನಡುವಿನ ಗುಟ್ಟನ್ನು ಮರೆಯಲ್ಲಿ ನಿಂತು ಕೇಳುತ್ತೇನೆ. ‘ಅವಳು’ ಎಂದರೆ ಹಾಡುವವನು ನನ್ನ ಕಡೆ ತಿರುಗಿ ಅವಳ ಸಂಗತಿ ಹೇಳುತ್ತಿದ್ದಾನೆ. ಮೂರೂ ಬೇರೆ ಬೇರೆ ಕೂರುವ ಜಾಗಗಳು, ಮೂರಕ್ಕೂ ಬೇರೆ ಬೇರೆ ಸುಖ. ಒಂದರಿಂದ ಇನ್ನೊಂದಕ್ಕೆ ಎಬ್ಬಿಸಿ ಕೂರಿಸುವುದಕ್ಕೆ ಕವಿಗೆ ಪೂರ್ತಿ ಹಕ್ಕಿದೆ. ಎಬ್ಬಿಸುತ್ತಿದ್ದೇನೆ ಎಂದು ಒಂದು ಸುಳಿವು ಕೊಡಬೇಕು, ಎಬ್ಬಿಸಿದ್ದಕ್ಕೆ ಕಾರಣವಿರಬೇಕು, ಅಷ್ಟೇ ನನ್ನ ಬೇಡಿಕೆ. ಸುಳಿವೂ ಇಲ್ಲದೆ ಕಾರಣವೂ ಇಲ್ಲದೆ ಪುರುಷ ಬದಲಾದರೆ, ಅದು ಬರೆದವನ ಅಜಾಗರೂಕತೆಯೇ ಹೊರತು ಕಾವ್ಯದ ಸ್ವಾತಂತ್ರ್ಯವಲ್ಲ.

ಯಾರದೋ ಹಾಡನ್ನು ಎಳೆದು ತಂದು ಅವಮಾನ ಮಾಡುವುದು ಬೇಡ. ಅಂಥ ಹಾಡು ಹೇಗಿರುತ್ತದೆಂದು ತೋರಿಸಲು ನಾನೇ ಒಂದು ಚರಣ ಕಟ್ಟುತ್ತೇನೆ. ‘ಕಿಟಕಿಯಾಚೆ ನಿನ್ನ ಹೆಜ್ಜೆ ಸದ್ದು, ಬಾಗಿಲಲ್ಲಿ ಅವಳ ನೆರಳ ಮುದ್ದು, ಕಾದು ಕಾದು ಸೋತೆ ಏಕೆ ನಕ್ಕೆ, ಅವನ ಎದೆಗೆ ಹಾರಿ ಬಂತು ಹಕ್ಕಿ.’ ಒಳ್ಳೆಯ ರಾಗ, ಒಳ್ಳೆಯ ಕಂಠ ಸಿಕ್ಕರೆ ಇದೂ ಊರೆಲ್ಲ ಓಡಾಡಬಲ್ಲದು. ‘ನೆರಳ ಮುದ್ದು’ ಎಂದರೇನು ಎಂದು ಯಾರೂ ಕೇಳುವುದಿಲ್ಲ. ಈಗ ಒಳಗೆ ಇಣುಕಿ ನೋಡಿ. ಕಿಟಕಿಯ ಆಚೆ ಇರುವ ‘ನೀನು’ ಬಾಗಿಲಿಗೆ ಬರುವಷ್ಟರಲ್ಲಿ ‘ಅವಳು’. ಹಾಗಾದರೆ ಇಬ್ಬರು ಹೆಂಗಸರೇ? ಕಥೆಗೆ ಅಂಥ ತಿರುವು ಇದ್ದಂತಿಲ್ಲ. ಮೂರನೆಯ ಸಾಲಿನಲ್ಲಿ ಕಾದು ಸೋತವರು ಯಾರು? ‘ನಾನು ಸೋತೆ’ ಇರಬಹುದು, ‘ನೀನು ಸೋತೆ’ಯೂ ಇರಬಹುದು. ‘ಏಕೆ ನಕ್ಕೆ’ ಎಂಬುದು ಅವಳಿಗೆ ಹಾಕಿದ ಪ್ರಶ್ನೆಯೋ, ತನಗೆ ತಾನೇ ಹಾಕಿಕೊಂಡದ್ದೋ? ನಾಲ್ಕನೆಯ ಸಾಲಿನ ‘ಅವನು’ ಯಾರೆಂದು ದೇವರಿಗೇ ಗೊತ್ತು. ಬಹುಶಃ ಹಾಡುವವನೇ. ಮೂರು ಸಾಲು ಒದ್ದಾಡಿದ್ದು ತಾನು, ಹಕ್ಕಿ ಬಂದದ್ದು ಮಾತ್ರ ಇನ್ನೊಬ್ಬನ ಎದೆಗೆ.

ಇಲ್ಲಿ ಬರುವ ಮೊದಲ ಸಮಜಾಯಿಷಿ, ಟ್ಯೂನಿನದು. ನಮ್ಮ ಸಿನಿಮಾದಲ್ಲಿ ಬಹುಪಾಲು ರಾಗ ಮೊದಲು, ಮಾತು ಆಮೇಲೆ. ಸಂಗೀತ ನಿರ್ದೇಶಕರು ಕೊಟ್ಟ ಅಚ್ಚಿಗೆ ಸಾಹಿತಿ ಮಾತು ಹೊಂದಿಸಬೇಕು. ಒಂದು ಮಾತ್ರೆ ಹೆಚ್ಚಾದರೂ ಅಲ್ಲಿ ತಾಳ ಮುಗ್ಗರಿಸುತ್ತದೆ. ಪಾಪ, ಅವರೇನು ಮಾಡಿಯಾರು ಎನ್ನುತ್ತಾರೆ. ಆದರೆ ಕನ್ನಡದ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ನಾನು, ನೀನು, ಅವನು, ಅವಳು, ನೀವು: ಪ್ರಸ್ತಾರ ಹಾಕಿ ನೋಡಿದರೆ ಐದಕ್ಕೂ ಮೂರೇ ಮಾತ್ರೆ. ನನ್ನ, ನಿನ್ನ, ಅವನ, ಅವಳ, ನಿಮ್ಮ: ಎಲ್ಲವೂ ಮೂರು. ನಾ, ನೀ, ಅವ: ಎರಡೆರಡು. ‘ನನಗೆ’, ‘ನಿನಗೆ’ ಮೂರಿದ್ದರೆ ‘ಅವಳಿಗೆ’ ಮಾತ್ರ ನಾಲ್ಕಾಗಿ ಸ್ವಲ್ಪ ತೊಂದರೆ ಕೊಡುತ್ತದೆ. ಅದೊಂದನ್ನು ಬಿಟ್ಟರೆ, ತಕ್ಕಡಿಯಲ್ಲಿ ಇಷ್ಟು ಸಮವಾಗಿ ತೂಗುವ ಸರ್ವನಾಮಗಳು ಕೈಯಲ್ಲಿರುವಾಗ ರಾಗದ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಮೇಲಿನ ನನ್ನ ಚರಣವನ್ನೇ ರಿಪೇರಿ ಮಾಡಿ ನೋಡಿ. ಎರಡನೆಯ ಸಾಲಿನ ‘ಅವಳ’ ತೆಗೆದು ‘ನಿನ್ನ’ ಇಡಿ, ಮೂರನೆಯದರ ‘ಏಕೆ’ ತೆಗೆದು ‘ನೀನು’ ಇಡಿ, ನಾಲ್ಕನೆಯದರ ‘ಅವನ’ ತೆಗೆದು ‘ನನ್ನ’ ಇಡಿ. ಮೂರು ಮಾತ್ರೆಯ ಗಣಗಳು ಇದ್ದ ಹಾಗೇ ಇವೆ; ಒಳಗೆ ಉಳಿದದ್ದು ಒಬ್ಬ ಹುಡುಗಿ, ಒಬ್ಬ ಹುಡುಗ, ಒಂದು ಹಕ್ಕಿ. ನಿಜ ಹೇಳಬೇಕೆಂದರೆ ತೊಂದರೆಯ ಮೂಲವೂ ಈ ಸಮತೂಕವೇ. ಯಾವುದನ್ನು ಎಲ್ಲಿಟ್ಟರೂ ತಾಳ ತಪ್ಪುವುದಿಲ್ಲವಾದ್ದರಿಂದ, ತಪ್ಪಿಟ್ಟಾಗ ಎಚ್ಚರಿಸುವುದಕ್ಕೆ ರಾಗ ಬರುವುದಿಲ್ಲ.

ಕ್ರಿಯಾಪದದ ಕಥೆ ಇನ್ನೂ ಸ್ವಾರಸ್ಯದ್ದು. ಆಡುಮಾತಿನಲ್ಲಿ ‘ಬರ್ತೀನಿ’, ‘ಬರ್ತೀಯ’ ಎಂದು ಬೇರೆಬೇರೆಯಾಗಿ ಹೇಳುತ್ತೇವೆ, ಗೊಂದಲವಿಲ್ಲ. ಹಾಡಿನ ಕನ್ನಡಕ್ಕೆ ಬಂದ ಕೂಡಲೇ ‘ಬರುವೆ’, ‘ಕಾಯುವೆ’, ‘ನೋಡುವೆ’ ಶುರು. ಇವು ನಾನು ಮಾಡುವುದಕ್ಕೂ ಆಯಿತು, ನೀನು ಮಾಡುವುದಕ್ಕೂ ಆಯಿತು. ‘ಬರುವೆನು’ ಎಂದು ಪೂರ್ತಿ ಬರೆದರೆ ಯಾರೆಂದು ಗೊತ್ತಾಗುತ್ತದೆ, ಆದರೆ ಆ ‘ನು’ವನ್ನು ಕಿವಿ ಹಳೆಯದೆಂದು ಬಿಟ್ಟುಕೊಟ್ಟು ಎಷ್ಟೋ ಕಾಲವಾಯಿತು. ಭೂತಕಾಲದ್ದು ಇದಕ್ಕಿಂತ ಒಂದು ಕೈ ಮೇಲು. ಚರಣದ ಕೊನೆಗೆ ಪ್ರಾಸಕ್ಕೆಂದು ಸಾಲಾಗಿ ಬಂದು ನಿಲ್ಲುವ ‘ಹಾಡಿದೆ’, ‘ಕಾಡಿದೆ’, ‘ಕೂಡಿದೆ’ಗಳನ್ನು ನೋಡಿ. ನಾನು ಕಾಡಿದೆ, ನೀನು ಕಾಡಿದೆ, ನೆನಪು ಕಾಡಿದೆ: ಮೂರು ಪುರುಷಗಳೂ ಒಂದೇ ಅಂಗಿಯೊಳಗೆ. ಕರ್ತೃವನ್ನು ಹೇಳದೆ ಬಿಟ್ಟರೆ ಕಾಡಿದ್ದು ಯಾರು, ಕಾಡಿಸಿಕೊಂಡವರು ಯಾರು ಎಂಬುದನ್ನು ಕೇಳುಗನೇ ತೀರ್ಮಾನಿಸಿಕೊಳ್ಳಬೇಕು. ಧಾರವಾಡದ ಕಡೆಯ ಮಾತಿನಲ್ಲಿ ಈ ಕಷ್ಟ ಕಡಿಮೆ. ಅಲ್ಲಿ ‘ನಾ ಬಂದೆ’, ‘ನೀ ಬಂದಿ’. ‘ನೀ’ ಇಲ್ಲದಿದ್ದರೂ ‘ಬಂದಿ’ ಎಂದರೆ ಎದುರಿಗಿರುವವನೇ. ಬೇಂದ್ರೆಯವರ ಸಂಭಾಷಣೆಯಂಥ ಕವನಗಳನ್ನು ಹಾಡಿಕೊಂಡಾಗ ಯಾರು ಯಾರಿಗೆ ಹೇಳುತ್ತಿದ್ದಾರೆಂಬ ಅನುಮಾನ ಅಷ್ಟಾಗಿ ಬಾರದಿರುವುದಕ್ಕೆ ಆ ಊರಿನ ಮಾತಿನ ಈ ಗುಣವೂ ಒಂದು ಕಾರಣವೆಂದು ನನಗೆ ಅನಿಸುತ್ತದೆ. ಹಾಡುಗಳ ಸಿದ್ಧ ಕನ್ನಡ ಆ ಗುಣವನ್ನು ಎರವಲು ಪಡೆಯಲಿಲ್ಲ.

ಹಾಗೆಂದು ಈ ಮಬ್ಬೆಲ್ಲ ನಷ್ಟವೇ ಎಂದು ನಾನು ಹೇಳುವುದಿಲ್ಲ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಬೇಕಾದರೆ ಬಂದವನು ಗಂಡೋ ಹೆಣ್ಣೋ ಕ್ರಿಯಾಪದದಲ್ಲೇ ಹೇಳಬೇಕು. ಒಂದೇ ಹಾಡನ್ನು ಗಾಯಕಿಗೆ ಒಪ್ಪಿಸುವಾಗ ಕ್ರಿಯಾಪದಗಳನ್ನು ತಿದ್ದಬೇಕಾಗುತ್ತದೆ. ಕನ್ನಡದ ‘ನಾನು’ವಿಗೆ ಲಿಂಗವಿಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿದ ಸಾಲನ್ನು ಎಸ್. ಜಾನಕಿ ಒಂದಕ್ಷರ ಬದಲಿಸದೆ ಹಾಡಬಹುದು, ‘ನಲ್ಲೆ’, ‘ಗೆಳತಿ’ ಎಂಬಂಥ ಕರೆ ನಡುವೆ ಬರದಿದ್ದರೆ ಸಾಕು. ಸುಗಮ ಸಂಗೀತದಲ್ಲಿ ಗಂಡಸಿನ ಮಾತಿನ ಕವಿತೆಗಳನ್ನು ಗಾಯಕಿಯರು ಹಾಡಿದಾಗ ಯಾರಿಗೂ ಆಭಾಸವಾಗದಿರುವುದು ಈ ಔದಾರ್ಯದಿಂದಲೇ. ಇನ್ನು ಯುಗಳಗೀತೆಯಲ್ಲಿ ದನಿಯೇ ಗುರುತು. 1987ರ ‘ಪ್ರೇಮಲೋಕ’ಕ್ಕೆ ಹಂಸಲೇಖ ಬರೆದ ಹಾಡುಗಳಲ್ಲಿ ಗಂಡು ಹೆಣ್ಣಿನ ಮಾತು ಪಟಪಟನೆ ಓಡಿದರೂ ಯಾರು ಯಾರಿಗೆ ಹೇಳಿದರೆಂದು ಮಕ್ಕಳಿಗೂ ಗೊತ್ತಾಗುತ್ತಿತ್ತು. ಅವು ಹಾಡಿನ ವೇಷದ ಸಂಭಾಷಣೆಗಳು. ತೊಂದರೆ ಇರುವುದು ಒಬ್ಬನೇ ನಿಂತು ಹಾಡುವಲ್ಲಿ. ಅಲ್ಲಿ ದನಿಯ ಆಸರೆ ಇಲ್ಲ, ಸರ್ವನಾಮವೊಂದೇ ದಾರಿದೀಪ.

ಟ್ಯೂನಿನ ಸಮಜಾಯಿಷಿಗಿಂತ ಗಟ್ಟಿಯಾದ ಆಕ್ಷೇಪ ಪರಂಪರೆಯ ಕಡೆಯಿಂದ ಬರುತ್ತದೆ. ಪುರುಷ ಬದಲಾಗುವುದು ನಮ್ಮಲ್ಲಿ ವೇದದಷ್ಟು ಹಳೆಯದು, ನೀವು ಯಾವ ಊರಿನ ನಿಯಮ ಹೇಳುತ್ತಿದ್ದೀರಿ ಎನ್ನಬಹುದು. ನಿಜ. ಯಾಸ್ಕ ತನ್ನ ನಿರುಕ್ತದಲ್ಲಿ ಋಕ್ಕುಗಳನ್ನು ಮೂರು ಬಗೆ ಮಾಡಿದ್ದಾನೆ: ದೇವತೆಯನ್ನು ‘ಅವನು’ ಎನ್ನುವ ಪರೋಕ್ಷಕೃತ, ‘ನೀನು’ ಎನ್ನುವ ಪ್ರತ್ಯಕ್ಷಕೃತ, ದೇವತೆಯೇ ‘ನಾನು’ ಎಂದು ನುಡಿಯುವ ಆಧ್ಯಾತ್ಮಿಕ. ಮೊದಲೆರಡು ಹೇರಳ, ಮೂರನೆಯದು ಅಪರೂಪ ಎಂದೂ ಹೇಳಿದ್ದಾನೆ. ಈ ವಿಂಗಡಣೆ ನನ್ನ ವಿರುದ್ಧದ ಸಾಕ್ಷಿ ಎಂದು ನನಗೆ ಕಾಣುವುದಿಲ್ಲ. ಯಾರು ಯಾರಿಗೆ ನುಡಿಯುತ್ತಿದ್ದಾರೆ ಎಂಬುದು ಅರ್ಥಕ್ಕೆ ಮುಖ್ಯವಲ್ಲದಿದ್ದರೆ ಅದರ ಮೇಲೆ ಒಂದು ವರ್ಗೀಕರಣವನ್ನೇ ಯಾಕೆ ಕಟ್ಟುತ್ತಿದ್ದ? ನಮ್ಮ ವಚನಗಳಿಗೆ ಬಂದರೆ ಇದು ಇನ್ನೂ ಸೂಕ್ಷ್ಮ. ಅಂಕಿತ ಯಾವ ವಿಭಕ್ತಿಯಲ್ಲಿ ಬರುತ್ತದೆ ಎಂಬುದನ್ನಷ್ಟೇ ಗಮನಿಸಿ. ಬಸವಣ್ಣ ದೇವರಿಗೇ ನೇರ ದೂರು ಕೊಡುವಾಗ ‘ಕೂಡಲಸಂಗಮದೇವಾ’ ಎಂದು ಕರೆಯುತ್ತಾರೆ. ಲೋಕದ ಜನಕ್ಕೆ ಬುದ್ಧಿ ಹೇಳುವಾಗ ಅದೇ ಹೆಸರು ‘ದೇವನು’, ‘ದೇವನ’ ಎಂದು ಪ್ರಥಮ ಪುರುಷಕ್ಕೆ ಸರಿಯಬಲ್ಲದು. ಅಕ್ಕಮಹಾದೇವಿ ಗೆಳತಿಯನ್ನು ‘ಅವ್ವಾ’ ಎಂದು ಕರೆದು ತನ್ನ ಗಂಡನ ಸಂಗತಿ ಹೇಳಿಕೊಂಡರೆ ಚೆನ್ನಮಲ್ಲಿಕಾರ್ಜುನ ಅಲ್ಲಿ ‘ಅವನು’. ಅವನ ಮುಂದೆಯೇ ನಿಂತು ಅತ್ತರೆ ‘ನೀನು’. ಒಂದು ಪ್ರತ್ಯಯದಲ್ಲಿ ಕೇಳುಗ ಯಾರೆಂಬುದು ತೀರ್ಮಾನವಾಗುತ್ತದೆ. ದಾಸರ ಪದಗಳಲ್ಲಿ ಕೊನೆಯ ಚರಣದಲ್ಲಿ ಅಂಕಿತ ಬಂದು, ಅದುವರೆಗೆ ಗೋಪಿಯೋ ಯಶೋದೆಯೋ ಆಗಿದ್ದ ದನಿ ಒಮ್ಮೆಗೆ ದಾಸರದಾಗುವುದುಂಟು. ಜಯದೇವನ ಗೀತಗೋವಿಂದದ ಅಷ್ಟಪದಿಗಳಲ್ಲೂ ಕೊನೆಗೆ ಕವಿ ತನ್ನ ಹೆಸರಿನೊಡನೆ ಹೊರಗೆ ಬರುತ್ತಾನೆ. ಆದರೆ ಅದು ಗೊತ್ತಾದ ಜಾಗ. ಅಂಕಿತ ಎಲ್ಲಿ ಬರುತ್ತದೆಂದು ಕೇಳುಗನಿಗೆ ಮೊದಲೇ ತಿಳಿದಿರುತ್ತದೆ.

ಹಾಗೆ ನೋಡಿದರೆ ದನಿ ಬದಲಿಸುವುದರಲ್ಲಿ ನಮ್ಮವರಷ್ಟು ಪಳಗಿದವರು ಕಡಿಮೆ. ಕುಮಾರವ್ಯಾಸನ ಷಟ್ಪದಿಯಲ್ಲಿ ಕವಿಯ ನಿರೂಪಣೆ, ಕರ್ಣನ ಮಾತು, ಕೃಷ್ಣನ ಮಾತು ಎಲ್ಲವೂ ಒಬ್ಬನೇ ಗಮಕಿಯ ಕಂಠದಲ್ಲಿ ಹರಿಯುತ್ತವೆ. ಪದ್ಯದ ತುದಿಯಲ್ಲಿ ಒಂದು ‘ಎಂದ’ ಬಂದು ಕೂತರೆ ಮಾತು ಯಾರದೆಂಬುದು ಇತ್ಯರ್ಥ. ಯಕ್ಷಗಾನದಲ್ಲಿ ಭಾಗವತರು ಪದ್ಯದಲ್ಲಿ ‘ಎಂದನು’ ಎಂದು ಪ್ರಥಮ ಪುರುಷದಲ್ಲಿ ಹಾಡುತ್ತಾರೆ, ಅದೇ ಪದ್ಯಕ್ಕೆ ಪಾತ್ರಧಾರಿ ‘ನಾನು’ ಎಂದು ಅರ್ಥ ಹೇಳುತ್ತಾನೆ. ಕಣ್ಣೆದುರೇ ಅವನು ನಾನಾಗುತ್ತಾನೆ, ನೋಡುವವರಿಗೆ ಎಳ್ಳಷ್ಟೂ ಗೊಂದಲವಿಲ್ಲ. ಗೋವಿನ ಹಾಡಿನಲ್ಲಂತೂ ಹೇಳುವವನ ದನಿ, ಹುಲಿಯ ದನಿ, ಪುಣ್ಯಕೋಟಿಯ ದನಿ, ಕರುವಿನ ದನಿ ಒಂದೇ ಧಾಟಿಯಲ್ಲಿ ಬರುತ್ತವೆ. ಪ್ರತಿ ಸಲ ‘ಎಂದಳು’ ಎಂದು ಹೇಳುವ ಅಗತ್ಯವೂ ಬೀಳುವುದಿಲ್ಲ, ಏಕೆಂದರೆ ಮಾತು ಶುರುವಾಗುವಾಗಲೇ ಒಂದು ಕರೆ ಇರುತ್ತದೆ. ಕರು ತಾಯಿಯನ್ನು ಕರೆಯುತ್ತದೆ, ತಾಯಿ ಕಂದನನ್ನು ಕರೆಯುತ್ತಾಳೆ, ಆಮೇಲೆ ಒಡನಾಡಿ ಹಸುಗಳ ಕಡೆ ತಿರುಗಿ ಈ ತಬ್ಬಲಿಯನ್ನು ನೋಡಿಕೊಳ್ಳಿ ಎಂದು ಅವರನ್ನು ಬೇಡಿಕೊಳ್ಳುತ್ತಾಳೆ. ಆ ತಿರುಗುವಿಕೆಯಲ್ಲಿ ‘ನೀನು’ ಆಗಿದ್ದ ಕರು ‘ಇವನು’ ಆಗುತ್ತದೆ. ಅಲ್ಲೇ ನಮಗೆ ಗಂಟಲು ಕಟ್ಟುವುದು, ಏಕೆಂದರೆ ಮಗು ಇನ್ನು ಅವಳ ಪಾಲಿನದಲ್ಲ. ಬೀಸುವ ಪದಗಳನ್ನು ತೆಗೆದುಕೊಳ್ಳಿ. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಇರಲಿ, ಬೇರೆ ಯಾವ ಸಂಗ್ರಹವೇ ಇರಲಿ, ಒಂದು ತ್ರಿಪದಿ ಹಡೆದವ್ವನಿಗೆ, ಮುಂದಿನದು ಅಣ್ಣನಿಗೆ, ಇನ್ನೊಂದು ಬೀಸುಕಲ್ಲಿಗೇ. ಕೇಳುವವರು ಬದಲಾಗುತ್ತಾರೆ, ಆದರೆ ಬದಲಾಗುವುದು ತ್ರಿಪದಿ ಮುಗಿದ ಮೇಲೆ. ಅಕ್ಷರ ಬಾರದ ಹೆಂಗಸರು ರಾಗಿ ಬೀಸುತ್ತ ಪಾಲಿಸಿದ ಶಿಸ್ತನ್ನು ಸ್ಟುಡಿಯೋದ ಏಸಿ ಕೋಣೆಯಲ್ಲಿ ಪಾಲಿಸಲಾಗದು ಎಂದರೆ ನಂಬುವುದು ಕಷ್ಟ.

ಒಂದೇ ಜಾಗದಲ್ಲಿ ಕೂತು ಕೊನೆಯವರೆಗೂ ಅಲುಗಾಡದಿರುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯಲ್ಲಿ ಒಂದು ಚೆಂದದ ನಿದರ್ಶನವಿದೆ. ರಾಯರು ರಾತ್ರಿ ಹೊತ್ತಿನಲ್ಲಿ ಮಾವನ ಮನೆಗೆ ಬರುವ ಪದ್ಯ, ಭಾವಗೀತೆಯಾಗಿ ಮನೆಮನೆಗೂ ತಲುಪಿದ್ದು. ಕಾಲಿಗೆ ಬಿಸಿನೀರು ಬರುತ್ತದೆ, ಒಳಗೆ ದೀಪವಿದೆ, ಮಲ್ಲಿಗೆಯ ಪರಿಮಳವಿದೆ, ಉಪಚಾರಕ್ಕೇನೂ ಕಡಿಮೆಯಿಲ್ಲ; ಮಡದಿ ಪದುಮಳು ಮಾತ್ರ ಕಾಣುತ್ತಿಲ್ಲ. ಪದ್ಯದಲ್ಲಿ ಕಾಣುವುದೆಲ್ಲ ರಾಯರ ಕಣ್ಣಿಗೆ ಕಂಡದ್ದೇ. ಹುಡುಕಾಟ ಅವರದೇ, ನಿರಾಸೆಯೂ ಅವರದೇ. ಆದರೂ ಕವಿ ಎಲ್ಲೂ ‘ನಾನು’ ಎನ್ನುವುದಿಲ್ಲ, ‘ರಾಯರು’ ಎಂಬ ಗೌರವದ ದೂರವನ್ನು ಕೊನೆಯವರೆಗೂ ಬಿಡುವುದಿಲ್ಲ. ನಾದಿನಿ ನಕ್ಕಾಗ ನಾವೂ ನಗಬಹುದಾದ್ದು ಆ ದೂರದಿಂದಲೇ. ನಡುವೆ ಒಂದೇ ಒಂದು ‘ನನ್ನ’ ನುಸುಳಿದ್ದರೆ ನಾವು ಅಳಿಯನ ಪಕ್ಕಕ್ಕೆ ಹೋಗಿ ಕೂತು ಅವನ ಜೊತೆ ಮುಖ ಸಪ್ಪೆ ಮಾಡಿಕೊಳ್ಳಬೇಕಾಗುತ್ತಿತ್ತು. ಹಾಸ್ಯ ಅಲ್ಲಿಗೆ ಮುಗಿಯುತ್ತಿತ್ತು. ಆ ಸಂಕಲನದ ಬೇರೆ ಪದ್ಯಗಳಲ್ಲಿ ಗಂಡ ಮಾತನಾಡುತ್ತಾನೆ, ಹೆಂಡತಿ ಮಾತನಾಡುತ್ತಾಳೆ. ಯಾವುದು ಯಾರ ಬಾಯಲ್ಲಿ ಬರಬೇಕೆಂಬುದನ್ನು ಕವಿ ಪದ್ಯಕ್ಕೆ ಮೊದಲೇ ನಿರ್ಧರಿಸಿದ್ದಾರೆ. 1992ರಲ್ಲಿ ಟಿ.ಎಸ್. ನಾಗಾಭರಣ ಆ ಪದ್ಯಗಳನ್ನು ಪೋಣಿಸಿ ಸಿನಿಮಾ ಮಾಡಲು ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣ ಎಂದುಕೊಳ್ಳುತ್ತೇನೆ.

ಸಿನಿಮಾ ಎಂದ ಕೂಡಲೇ ಇನ್ನೊಂದು ವಾದ ಏಳುತ್ತದೆ. ಹಾಡು ಬರೆದದ್ದು ಒಂದು ಸನ್ನಿವೇಶಕ್ಕೆ; ತೆರೆಯ ಮೇಲೆ ನೋಡಿದರೆ ಎಲ್ಲವೂ ಸರಿಹೋಗುತ್ತದೆ, ನಾಯಕ ಒಂದು ಸಾಲನ್ನು ಫೋಟೊಗೆ ಹೇಳುತ್ತಾನೆ, ಇನ್ನೊಂದನ್ನು ಸ್ನೇಹಿತನಿಗೆ. ಇರಬಹುದು. ಆದರೆ ಸಿನಿಮಾ ಒಂದು ಸಲ, ಹಾಡು ಸಾವಿರ ಸಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಅದು ಚಿತ್ರವಿಲ್ಲದೆ ಬದುಕಬೇಕು. ಹಿಂದೆ ಟಾಕೀಸಿನ ಹೊರಗೆ ಮಾರುತ್ತಿದ್ದ ತೆಳ್ಳನೆಯ ಹಾಡಿನ ಪುಸ್ತಕಗಳಲ್ಲಿ ಸಾಲುಗಳ ಎಡಕ್ಕೆ ‘ಗಂಡು’, ‘ಹೆಣ್ಣು’ ಎಂದು ಅಚ್ಚು ಹಾಕಿರುತ್ತಿದ್ದರು. ಜೊತೆಗೆ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಲ್ಲಿಸಿದ ಕಥಾಸಾರ. ಆ ಗುರುತುಗಳೂ ಈಗಿಲ್ಲ. ಈ ಗೊಂದಲದಲ್ಲಿ ಪಲ್ಲವಿಯದೂ ಒಂದು ಪಾತ್ರವಿದೆ. ಜನ ಗುನುಗುವುದು ಪಲ್ಲವಿಯನ್ನು, ಆದ್ದರಿಂದ ಅದು ‘ನೀನು’ ಎಂದು ನೇರ ಹೊಡೆಯಬೇಕು. ಚರಣ ಕಥೆ ಹೇಳಬೇಕು, ಅಲ್ಲಿ ‘ಅವಳು’ ಅನುಕೂಲ. ಚರಣ ಎಷ್ಟೇ ಚೆನ್ನಾಗಿ ದೂರ ಹೋದರೂ ಪಲ್ಲವಿ ಮತ್ತೆ ಬಂದು ಕೊರಳಪಟ್ಟಿ ಹಿಡಿದು ಎಳೆಯುತ್ತದೆ. ಸುಗಮ ಸಂಗೀತದಲ್ಲಿ ಬೇರೆ ಅಪಾಯ: ಏಳೆಂಟು ನುಡಿಯ ಕವಿತೆಯಲ್ಲಿ ಮೂರನ್ನು ಆರಿಸಿ ಹಾಡುವಾಗ, ಮಾತನಾಡುತ್ತಿರುವವರು ಯಾರೆಂದು ತಿಳಿಸಿದ್ದ ನುಡಿಯೇ ಬಿಟ್ಟುಹೋಗಬಹುದು. ಆಗ ಬೈಗುಳ ಕವಿಗೆ, ತಪ್ಪು ಕತ್ತರಿಯದು.

ಉಳಿದದ್ದು ಭಾವದ ವಾದ. ಪ್ರೀತಿಯಲ್ಲಿ ಬಿದ್ದವನ ಮನಸ್ಸು ಒಂದು ಕಡೆ ನಿಲ್ಲುತ್ತದೆಯೇ, ಅವನು ಕ್ಷಣಕ್ಕೊಮ್ಮೆ ಅವಳೊಡನೆ ಮಾತನಾಡುತ್ತಾನೆ, ಮರುಕ್ಷಣ ಅವಳ ಬಗ್ಗೆ ಯೋಚಿಸುತ್ತಾನೆ, ಹಾಡು ಆ ಚಂಚಲತೆಯನ್ನೇ ಹಿಡಿದಿದೆ ಎನ್ನುವವರಿದ್ದಾರೆ. ಈ ವಾದಕ್ಕೆ ನಾನು ಅರ್ಧ ಸೋಲುತ್ತೇನೆ. ಚಂಚಲತೆಯೇ ವಿಷಯವಾದ ಹಾಡಿನಲ್ಲಿ ಸರ್ವನಾಮ ಅಲ್ಲಾಡಲಿ, ಅಲ್ಲಾಡಬೇಕು ಕೂಡ. ಮೂರು ನುಡಿಯವರೆಗೂ ‘ನೀನು’ ಎಂದವಳು ನಾಲ್ಕನೆಯದರಲ್ಲಿ ‘ಅವನು’ ಎಂದರೆ, ಅವನು ಹೊರಟುಹೋದನೆಂದು ಬೇರೆ ಹೇಳುವುದೇ ಬೇಡ. ಆದರೆ ಅಂಥ ಹಾಡಿನಲ್ಲಿ ಹಿಂದಿನ ಮೂರು ನುಡಿ ಅಲುಗದೆ ನಿಂತಿರಬೇಕು. ಮೊದಲ ಸಾಲಿನಿಂದಲೇ ನೀನು-ಅವನು-ನೀನು ಎಂದು ಹೊಯ್ದಾಡುತ್ತಿದ್ದರೆ ನಾಲ್ಕನೆಯ ನುಡಿಯ ಪೆಟ್ಟು ಯಾರಿಗೆ ತಾಗುತ್ತದೆ? ಮನಸ್ಸು ಚಂಚಲ ಎಂಬ ನೆಪ ಹೇಳಿ, ಕೈಗೆ ಸಿಕ್ಕ ಸರ್ವನಾಮ ಇಟ್ಟ ಹಾಡುಗಳೇ ಜಾಸ್ತಿ. ಕೇಳುವವರು ಇದನ್ನೆಲ್ಲ ಗಮನಿಸುವುದಿಲ್ಲ ಎಂದರೂ ನಾನು ಒಪ್ಪುವುದಿಲ್ಲ. ಗಮನಿಸಿದ್ದೇವೆಂದು ಅವರಿಗೆ ತಿಳಿಯದೇ ಇರಬಹುದು. ಎರಡು ಹಾಡುಗಳಲ್ಲಿ ಒಂದು ಎದೆಗೆ ಇಳಿದು ಇನ್ನೊಂದು ಕಿವಿಯಲ್ಲೇ ಉಳಿದದ್ದೇಕೆ ಎಂದು ಕೇಳಿದರೆ ರಾಗ, ಕಂಠ ಎಂದು ಕಾರಣ ಕೊಡುತ್ತಾರೆ. ಎಷ್ಟೋ ಸಲ ಕಾರಣ ಅದಲ್ಲ. ಎರಡನೆಯ ಹಾಡು ಅವರನ್ನು ಎಲ್ಲೂ ನೆಟ್ಟಗೆ ಕೂರಲು ಬಿಡಲಿಲ್ಲ.

ಒಂದು ಜಾತಿಯ ಹಾಡಿನ ಮುಂದೆ ಮಾತ್ರ ನನ್ನ ವಾದವೆಲ್ಲ ಕೈಚೆಲ್ಲುತ್ತದೆ. ಅದು ನಾಯಕನ ಪ್ರವೇಶದ ಹಾಡು. ಸಿನಿಮಾದ ‘ನಾನು’ವಿನೊಳಗೆ ಬರೆದವನು, ಹಾಡಿದವನು, ನಟಿಸಿದವನು ಎಂದು ಮೊದಲೇ ಮೂವರಿರುತ್ತಾರೆ, 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ ಮೂವರು ಇಬ್ಬರಾದರು, ಅಭಿಮಾನಿಗಳಿಗೆ ಅದೊಂದು ದೊಡ್ಡ ಸಂತೋಷ. ಪ್ರವೇಶದ ಹಾಡಿನಲ್ಲಿ ಈ ಲೆಕ್ಕವೇ ಬೇರೆ. ಕೋರಸ್ಸಿನವರು ‘ಇವನು’ ಎಂದು ಹೊಗಳುತ್ತಾರೆ, ಅದೇ ಸಾಲನ್ನು ನಾಯಕನೂ ತುಟಿಯಾಡಿಸಿ ತನ್ನನ್ನೇ ‘ಇವನು’ ಎನ್ನುತ್ತಾನೆ, ಮುಂದಿನ ಸಾಲಿನಲ್ಲಿ ‘ನಾನು ನಿಮ್ಮವನು’ ಎಂಬ ಧಾಟಿಯಲ್ಲಿ ತೆರೆಯಿಂದಾಚೆ ಕೂತ ಜನರಿಗೆ ಕೈ ಮುಗಿಯುತ್ತಾನೆ, ಆಮೇಲೆ ಖಳನಿಗೆ ‘ನೀನು’ ಎಂದು ತೊಡೆ ತಟ್ಟುತ್ತಾನೆ. ಖಳ ಆ ದೃಶ್ಯದಲ್ಲಿ ಇರುವುದೇ ಇಲ್ಲ. ಪಾತ್ರದ ಹೆಸರಿನಲ್ಲಿ ಶುರುವಾದ ಹೊಗಳಿಕೆ ನಟನ ಬಿರುದಿನಲ್ಲಿ ಮುಗಿಯುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಅಲ್ಲಿ ವಿಚಾರಿಸುವ ಹಾಗಿಲ್ಲ. ಟಾಕೀಸಿನಲ್ಲಿ ಆ ಹೊತ್ತಿಗೆ ಎಲ್ಲರೂ ಎದ್ದು ನಿಂತು ಶಿಳ್ಳೆ ಹೊಡೆಯುತ್ತಿರುತ್ತಾರೆ. ಕೂರುವ ಜಾಗದ ಪ್ರಶ್ನೆಯೇ ಏಳುವುದಿಲ್ಲ.